ಒಂದು ಚಹಾದ ಹೊತ್ತು

ಭರಮಸಾಗರ ದಾಟಿದ ಮೇಲೆ ಮೊದಲ ಸಲ ನಿಂತಿತು.
ಕೆಮ್ಮಲಿಲ್ಲ, ಹೊಗೆಯಿಲ್ಲ, ಬಿಸಿಯ ಮುಳ್ಳು ಏರಿರಲಿಲ್ಲ.
ಮಾತಾಡುತ್ತಲೇ ನಿದ್ದೆಹೋದ ಮುದುಕನ ಹಾಗೆ
ಅರ್ಧ ವಾಕ್ಯಕ್ಕೆ ಸುಮ್ಮನಾಯಿತು ನಮ್ಮ ಮನೆ.

ಮನೆಯೆಂದರೆ ಹರಿಹರದ ಶಾಲೆಯೊಂದರ ಹಳೇ ಬಸ್ಸು.
ನೀಲಿ ಬಳಿಸಿದರೂ ಬಾಗಿಲ ಸಂದಿಯಲ್ಲಿ ಹಳದಿ ಇಣುಕುತ್ತದೆ.
ಸೀಟು ಕಿತ್ತ ಜಾಗದಲ್ಲಿ ಮಂಚ, ಸಿಂಕು, ಎರಡುರಿಯ ಒಲೆ.
ಜಂಬಣ್ಣ ತೂಕದ ಯಂತ್ರ ರಿಪೇರಿ ಮಾಡಿ ಕೂಡಿಟ್ಟದ್ದರಲ್ಲಿ
ಉಳಿದದ್ದೆಲ್ಲ ಇದರೊಳಗೇ ಇದೆ. ನಾನೂ ಇದ್ದೇನೆ.

ಏನು ಮಾಡುವುದು? ಚಹಾಕ್ಕಿಟ್ಟೆ.
ಶುಂಠಿ ಜಜ್ಜಿ, ಕುದಿಸಿ, ಸೋಸಿ, ಕುಡಿದು
ಲೋಟ ತೊಳೆಯುವಷ್ಟರಲ್ಲಿ ಅವರು ಕೀ ತಿರುಗಿಸಿದರು.
ಗುಡುಗುಡು! ಏನೂ ಆಗಿಯೇ ಇಲ್ಲವೆಂಬಂತೆ.
ಹತ್ತು ಕಿಲೋಮೀಟರು. ಮತ್ತೆ ಮೌನ.
ಮತ್ತೆ ಚಹಾ.

ವಿಜಾಪುರದ ಹತ್ತಿರ ಒಬ್ಬ ಫಿಲ್ಟರ್ ಬದಲಿಸಿದ,
ಗಾಳಿ ಹೊಕ್ಕಿದೆ ಎಂದು ಕೈಪಂಪು ಒತ್ತಿ ಒತ್ತಿ
ಡೀಸೆಲ್ ನೊರೆ ನಿಲ್ಲುವ ತನಕ ಬಸಿದ. ಎಂಟುನೂರು.
ದುರ್ಗದೊಳಗೆ ಇನ್ನೊಬ್ಬ ಬಾನೆಟ್ ಎತ್ತದೆಯೇ
"ಪಂಪ್ ಹೋಗೈತೆ, ನಲವತ್ತು ಸಾವಿರ" ಎಂದ.
ಜಂಬಣ್ಣ ನನ್ನ ಮುಖ ನೋಡಿದರು. ನಾನು ಹೊರಗೆ,
ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು.
ಅವೂ ಒಂದೆರಡು ನಿಂತಿದ್ದವು. ಯಾರೂ ಬೈಯುತ್ತಿರಲಿಲ್ಲ.

ಮೆದೇಹಳ್ಳಿ ರಸ್ತೆಯ ಬೇವಿನ ಮರದಡಿ ಪಾಲಯ್ಯ.
ಸ್ಪ್ಯಾನರ್ ಮುಟ್ಟಲಿಲ್ಲ. ಕುಕ್ಕರುಗಾಲಲ್ಲಿ ಕೂತು ಕೇಳಿದ:
"ನಿಂತ್ ಮ್ಯಾಲೆ ಎಷ್ಟೊತ್ತಿಗೆ ಎದ್ದೇಳ್ತೈತೆ?"
ಜಂಬಣ್ಣ ತಡವರಿಸಿದರು. ನಾನು ಒಳಗಿಂದ ಹೇಳಿದೆ:
"ಒಂದು ಚಹಾದ ಹೊತ್ತು."
"ಪ್ರತಿ ಸಲಾನೂ?"
"ನಾಲ್ಕು ಸಲ, ನಾಲ್ಕು ಚಹಾ. ಸಕ್ಕರೆ ಮುಗೀತಾ ಬಂತು."
ಅವನು ನಗಲಿಲ್ಲ. ಲೆಕ್ಕ ಸಿಕ್ಕವನಂತೆ ಎದ್ದ.

"ಕಾಯಿಲೆ ಎಂಜಿನ್‌ದಲ್ಲ ಕಣಮ್ಮ.
ಕೆಟ್ಟಿದ್ದು ಕೆಟ್ಟಂಗೇ ಇರ್ತೈತೆ.
ಚಾ ಕುಡಿಯೋವಷ್ಟೊತ್ತಿಗೆ ವಾಸಿಯಾಗೋದು ಸಿಟ್ಟು ಮಾತ್ರ,
ಇಲ್ಲಾಂದ್ರೆ ಗಂಟಲಿಗೆ ಅಡ್ಡ ಬಂದಿದ್ದು."

ಐದು ಲೀಟರಿನ ಕ್ಯಾನು ಕನ್ನಡಿಯ ಕಂಬಿಗೆ ನೇತುಹಾಕಿ
ಟ್ಯಾಂಕು ಬಿಟ್ಟು, ಅದರಿಂದಲೇ ಪಂಪಿಗೆ ನಳಿಕೆ ಕೊಟ್ಟ.
ಆಸ್ಪತ್ರೆಯ ಗ್ಲೂಕೋಸ್ ಬಾಟಲಿ ಹಿಡಿದು ನಡೆವವರ ಹಾಗೆ
ಹೊಳಲ್ಕೆರೆ ರಸ್ತೆಯಲ್ಲಿ ಹೋಗಿ ಬಂದೆವು, ಇಪ್ಪತ್ತೈದು ಕಿಲೋಮೀಟರು.
ಒಮ್ಮೆಯೂ ಉಸಿರು ಕಟ್ಟಲಿಲ್ಲ.
"ಎಂಜಿನ್ನು ಬಂಗಾರ. ಈಗ ಬಾನಿ ನೋಡಾನ."

ಟ್ಯಾಂಕು ಬರಿದು ಮಾಡಿ, ಕೊಕ್ಕೆ ಬಗ್ಗಿಸಿದ ತಂತಿ ಇಳಿಬಿಟ್ಟು
ಗಾಳ ಹಾಕಿದವನಂತೆ ಕಣ್ಣು ಅರೆಮುಚ್ಚಿದ.
ಬಂತು. ಅಂಗೈಯಗಲದ ಪ್ಲಾಸ್ಟಿಕ್,
ನೋಟ್‌ಬುಕ್ಕಿಗೆ ಹಾಕುವ ತೆಳು ಹೊದಿಕೆಯ ಹರಿದ ಮೂಲೆ.
ಓಡುವಾಗ ಹೀರುಗೊಳವೆಯ ಬಾಯಿಗೆ ಹೋಗಿ ಮೆತ್ತಿಕೊಳ್ಳುವುದು,
ಎಂಜಿನ್ ಸತ್ತರೆ ಮೆಲ್ಲಗೆ ಕಳಚಿ ತಳಕ್ಕಿಳಿಯುವುದು.
ಇಳಿಯಲು ಅದಕ್ಕೆ ಬೇಕಾದದ್ದು
ಶುಂಠಿ ಜಜ್ಜಿ ಕುದಿಸುವಷ್ಟು ಸಮಯ.

"ಮುಚ್ಚಳ ಕಳ್ಕಂಡ ಡ್ರೈವರು ರಬ್ಬರ್ ಹಾಕಿ ಕಟ್ಟಿರ್ತಾನೆ,"
ಪಾಲಯ್ಯನ ತೀರ್ಪು. ಜಂಬಣ್ಣ ಒಪ್ಪರು.
ಅವರ ಪ್ರಕಾರ ಇದು ಯಾವುದೋ ಹುಡುಗನ ಕೆಲಸ,
ಗಣಿತ ಪರೀಕ್ಷೆಯ ಬೆಳಿಗ್ಗೆ, ಬಸ್ಸು ನಿಲ್ಲಲೆಂದು.
"ಪಾಪ," ಎಂದರು, "ಕಡೆಗೂ ನಿಂತಿತೆಂದು
ಅವನಿಗೆ ಹೇಳುವವರು ಯಾರು?"

ಮುನ್ನೂರು ತಗೊಂಡ. ಚಪ್ಪಲಿ ಕಳಚಿ ಒಳಗೆ ಹತ್ತಿ
ಮಂಚದ ಅಂಚಿಗೆ ಕೂತು ಐದನೆಯ ಚಹಾ ಕುಡಿದ.
ಸಿಂಕಿನ ನಲ್ಲಿ ಒಮ್ಮೆ ತಿರುಗಿಸಿ ನೋಡಿದ.
"ಪೋಸ್ಟ್ ಬಂದ್ರೆ ಎಲ್ಲಿಗ್ ತರ್ತಾರಮ್ಮ?
ಮನೆ ನಂಬ್ರೂ ಕೆಎ ಹದಿನೇಳೇನಾ?"

ಐಮಂಗಲದ ಏರು. ಜಂಬಣ್ಣ ಕಿವಿಯಲ್ಲೇ ಓಡಿಸುತ್ತಿದ್ದಾರೆ.
ನಾನು ಅಭ್ಯಾಸಕ್ಕೆ ಬಿದ್ದು ಶುಂಠಿ ಕೈಯಲ್ಲಿ ಹಿಡಿದು ಕಾದೆ.
ನಿಲ್ಲಲಿಲ್ಲ.
ಹಿರಿಯೂರು ಬಂದರೂ ನಿಲ್ಲಲಿಲ್ಲ.
"ಒಂದು ಸಲ ನಿಲ್ಲಿಸ್ರಿ," ಎಂದೆ,
"ಚಹಾ ಬೇಕು."